ತಂಪಿಗೆ ಕೊರತೆಯಿಲ್ಲ, ಸ್ಕ್ರೂಗಳದ್ದೇ ಗೋಳು

ಕಂಪ್ಯೂಟರಿನ ಬಿಸಿ ಹೊತ್ತು ಸುತ್ತುವ ನೀರನ್ನು ತಣ್ಣಗಾಗಿಸುವ ಕೆಲಸದಲ್ಲಿ ಈ 360 ರೇಡಿಯೇಟರ್ (120 ಮಿ.ಮೀ.ಯ ಮೂರು ಫ್ಯಾನ್ ಸಾಲಾಗಿ ಕೂರುವ ಅಳತೆಯದು) ಒಂದು ದಿನವೂ ಕೈಕೊಟ್ಟಿಲ್ಲ. ಹಾಗಿದ್ದೂ ಇದರ ಮಾತು ಬಂದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಕಾರಣ, ಮೂರು ಮಿಲಿಮೀಟರ್ ದಪ್ಪದ ಸ್ಕ್ರೂ. ಗಾಳಿಗೆ ಶಾಖ ಬಿಡುವ ತೆಳು ತಾಮ್ರದ ಪಟ್ಟಿಗಳು ಅಂದರೆ ಫಿನ್, ಹಿತ್ತಾಳೆಯ ಟ್ಯಾಂಕ್, ಎಲ್ಲೂ ಚಕ್ಕೆಯೇಳದ ಕಪ್ಪು ಬಣ್ಣ, ಹನ್ನೆರಡು ಸಾವಿರದ ಆಸುಪಾಸಿನ ಬೆಲೆ. ಇಷ್ಟೆಲ್ಲ ಮನಸ್ಸಿಟ್ಟು ಮಾಡಿದವರು ಫ್ಯಾನ್ ಕೂರಿಸುವ ತೂತಿನ ಹತ್ತಿರ ಬಂದಾಗ ಮಾತ್ರ ಜಿಪುಣರಾಗಿದ್ದಾರೆ. ಇದೇ ಅಚ್ಚಿನ ಮಾಲು ನಾಲ್ಕಾರು ಹೆಸರಿನಲ್ಲಿ ಮಾರಾಟವಾಗುತ್ತದೆ, ಆದ್ದರಿಂದ ಹೆಸರು ಹಿಡಿದು ಬೈಯುವುದಿಲ್ಲ.

ನನ್ನದು ವಿಜಯಪುರದಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವ ಸಣ್ಣ ಸ್ಟುಡಿಯೊ. ನಮ್ಮಲ್ಲಿ ಲಗ್ನದ ಹಂಗಾಮೂ ಬಿಸಿಲೂ ಒಟ್ಟಿಗೇ ಏರುತ್ತವೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದ ದಿನ, ಆರ್‌ಸಿಸಿ ಚಾವಣಿಯ ಕೆಳಗಿನ ನನ್ನ ಕೋಣೆ ರಾತ್ರಿ ಹನ್ನೊಂದಾದರೂ 35ಕ್ಕಿಂತ ಕೆಳಗಿಳಿಯುವುದಿಲ್ಲ. ರೆಂಡರ್ ಹಾಕುವ, ಅಂದರೆ ಸಂಕಲಿಸಿದ ವಿಡಿಯೊವನ್ನು ಕಂಪ್ಯೂಟರಿನಿಂದ ಅಂತಿಮ ರೂಪಕ್ಕೆ ತರಿಸುವ ಹೊತ್ತೂ ಅದೇ. ರೈಜೆನ್ 7 5800ಎಕ್ಸ್ ಪ್ರೊಸೆಸರ್ ಪೂರ್ತಿ ದುಡಿದರೆ 142 ವ್ಯಾಟ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡು 220 ವ್ಯಾಟ್. ಆ ಶಾಖವೆಲ್ಲ ಈ ಒಂದೇ ರೇಡಿಯೇಟರಿನಿಂದ ಹೊರಹೋಗಬೇಕು.

ಕೊಳ್ಳುವಾಗ ನಾನು ದಪ್ಪಕ್ಕಿಂತ ಹೆಚ್ಚು ನೋಡಿದ್ದು ಫಿನ್‌ಗಳ ನಡುವಿನ ಸಂದನ್ನು. ಇಂಚಿಗೆ ಇಪ್ಪತ್ತು, ಇಪ್ಪತ್ತೈದು ಫಿನ್ ತುರುಕಿದ ರೇಡಿಯೇಟರುಗಳು ಪರೀಕ್ಷೆಯ ಕೋಷ್ಟಕಗಳಲ್ಲಿ ಗೆಲ್ಲುತ್ತವೆ ನಿಜ. ಆದರೆ ಗೆಲ್ಲುವುದು ಫ್ಯಾನ್ ಭರ್ರೆಂದು ತಿರುಗುವಾಗ. ನಿಮಿಷಕ್ಕೆ 800 ಸುತ್ತಿನ ನಿಧಾನ ಗಾಳಿಗೆ ಅಷ್ಟು ಬಿಗಿಯಾದ ಸಂದಿನಲ್ಲಿ ತೂರಲು ಬಲ ಸಾಲದು. ಜೊತೆಗೆ ನಮ್ಮೂರಿನ ಧೂಳು ಬೇರೆ. ಆಷಾಢದ ಗಾಳಿ ಬೀಸತೊಡಗಿದರೆ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಅದಕ್ಕೇ 45 ಮಿ.ಮೀ. ದಪ್ಪದ, ಇಂಚಿಗೆ ಹತ್ತರ ಸುಮಾರು ಫಿನ್ ಇರುವ ಇದನ್ನು ಆರಿಸಿದೆ. ಈ ಆಯ್ಕೆಯ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಇನ್ನು ಸ್ಕ್ರೂ ಪುರಾಣ. ಪೆಟ್ಟಿಗೆಯಲ್ಲಿ ಬಂದದ್ದು ಎಂ3 ಅಳತೆಯ, ಅಂದರೆ ಮೂರು ಮಿ.ಮೀ. ದಪ್ಪದ, 30 ಮಿ.ಮೀ. ಉದ್ದದ ಸ್ಕ್ರೂಗಳು. ಫ್ಯಾನಿನ ದಪ್ಪ 25, ಕೇಸಿನ ತಗಡು ಒಂದು, ಧೂಳಿನ ಜಾಲರಿಯ ಚೌಕಟ್ಟು ಎರಡು. ರೇಡಿಯೇಟರಿನೊಳಗೆ ಹೋಗಲು ಉಳಿದದ್ದು ಎರಡೇ ಮಿ.ಮೀ. ಎಂ3 ಸ್ಕ್ರೂ ಒಂದು ಸುತ್ತಿಗೆ ಇಳಿಯುವುದು ಅರ್ಧ ಮಿ.ಮೀ.; ಅಂದರೆ ನೀರು ತುಂಬಿದ ರೇಡಿಯೇಟರಿನ ಭಾರವನ್ನೆಲ್ಲ ಹಿಡಿದಿರುವುದು ನಾಲ್ಕು ಸುತ್ತಿನ ಥ್ರೆಡ್. ಜಾಲರಿಯಿಲ್ಲದೆ ವಿಜಯಪುರದಲ್ಲಿ ಕಂಪ್ಯೂಟರ್ ಇಡುವ ಮಾತೇ ಇಲ್ಲ. ಸರಿ, 35 ಮಿ.ಮೀ. ಸ್ಕ್ರೂ ಹಾಕೋಣವೆಂದರೆ ಅದು ಏಳು ಮಿ.ಮೀ. ಒಳನುಗ್ಗುತ್ತದೆ. ತೂತಿನ ಹಿಂದೆಯೇ ನೀರು ಹರಿಯುವ ಚಪ್ಪಟೆ ಕೊಳವೆ. ಒಳ್ಳೆಯ ರೇಡಿಯೇಟರುಗಳಲ್ಲಿ ಸ್ಕ್ರೂವಿನ ಮೂತಿ ಕೊಳವೆಗೆ ತಾಗದಂತೆ ಅಲ್ಲೊಂದು ತಗಡಿನ ಅಡ್ಡಗಟ್ಟು ಇರುತ್ತದೆ. ಇದರಲ್ಲಿ ಇಲ್ಲ.

ಕಡೆಗೆ 35ರ ಸ್ಕ್ರೂವಿಗೆ ಎರಡು ಮಿ.ಮೀ. ದಪ್ಪದ ಪ್ಲಾಸ್ಟಿಕ್ ವಾಷರ್ ಹಾಕಿ ಐದಕ್ಕೆ ತಂದೆ. ಆ ಸ್ಕ್ರೂಗಳಿಗಾಗಿ ಗಾಂಧಿ ಚೌಕದ ಸುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಲೆದು, ಆನ್‌ಲೈನ್‌ನಲ್ಲಿ ತರಿಸಿದ್ದಾಯಿತು. ನೀವು ಕೊಳ್ಳುವ ಮೊದಲು ಮಾರುವವರನ್ನು ಕೇಳಿಯೇ ಕೇಳಿ: ಕೆಲವಕ್ಕೆ ಎಂ3, ಕೆಲವಕ್ಕೆ ಎಂ4, ಇನ್ನು ಕೆಲವಕ್ಕೆ 6-32 ಎಂಬ ಇಂಚಿನ ಥ್ರೆಡ್. ಒಂದರ ತೂತಿಗೆ ಇನ್ನೊಂದನ್ನು ಒತ್ತಿ ತಿರುಗಿಸಿದರೆ ತೂತು ಕೆಡುತ್ತದೆ.

ಧೂಳನ್ನು ಪೂರ್ತಿ ತೆಗೆಯಬೇಕೆಂದರೆ ಫ್ಯಾನ್ ಬಿಚ್ಚಬೇಕು, ಬಿಚ್ಚಿ ಹಾಕಿದಷ್ಟೂ ತೆಳು ತಗಡಿನ ಥ್ರೆಡ್ ಸವೆಯುತ್ತದೆ. ಕೆಳಗಿನ ಮೂಲೆಯ ಎರಡು ತೂತುಗಳಲ್ಲಿ ಸ್ಕ್ರೂ ಸುಮ್ಮನೆ ಸುತ್ತತೊಡಗಿದ ಮೇಲೆ ರೇಡಿಯೇಟರನ್ನು ಬಿಚ್ಚಿ, ಸೋಲಾಪುರ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ದುರಸ್ತಿ ಮಾಡುವ ಕಾಕಾ ಒಬ್ಬರ ಬಳಿ ಒಯ್ದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ತಮ್ಮಾ, ಇದು ಯಾವ ಗಾಡಿಯದು?”

“ಗಾಡಿಯದಲ್ಲ ಕಾಕಾ, ಕಂಪ್ಯೂಟರಿನದು.”

ನಗಲಿಲ್ಲ. ಬಾಯಿಟ್ಟು ಊದಿ ಗಾಳಿ ಹೋಗುವುದನ್ನು ಅಂಗೈಯಿಂದ ಪರೀಕ್ಷಿಸಿ, “ಫಿನ್ ಸಡಿಲ ಇದೆ, ಒಳ್ಳೆಯದಾಯಿತು. ಹೊಲದಲ್ಲಿ ಓಡುವ ಗಾಡಿಗೆ ಹೀಗೇ ಇರಬೇಕು, ಇಲ್ಲದಿದ್ದರೆ ಹೊಟ್ಟು ಸಿಕ್ಕಿಕೊಂಡು ಎಂಜಿನ್ ಕಾಯುತ್ತದೆ” ಎಂದರು. ತೂತಿನ ಹಿಂದೆ ನಟ್ಟು ಬೆಸೆದುಕೊಡಿ ಎಂದರೆ ಒಪ್ಪಲಿಲ್ಲ. ಇಷ್ಟು ಸಣ್ಣದಕ್ಕೆ ಬೆಂಕಿ ತೋರಿಸಿದರೆ ಪಕ್ಕದ ಕೊಳವೆಯ ಬೆಸುಗೆಯೂ ಕರಗುತ್ತದೆ ಎಂಬುದು ಅವರ ಮಾತು. ಬದಲಿಗೆ ತಗಡಿನ ಬಣ್ಣ ಕೆರೆದು, ಹಿಂದೆ ಎಂ3 ನಟ್ಟು ಇಟ್ಟು, ಸುತ್ತಲೂ ಎಂ-ಸೀಲ್ ಮೆತ್ತಿಸಿದರು. ಒಣಗುವವರೆಗೆ ಸ್ಕ್ರೂವಿಗೆ ಗ್ರೀಸ್ ಹಚ್ಚಿ ನಟ್ಟಿನೊಳಗೇ ಇರಿಸಿದರು, ಅಂಟು ಥ್ರೆಡ್ಡಿಗೆ ಇಳಿಯದಿರಲೆಂದು. ಆ ಎರಡು ತೂತುಗಳು ಈಗ ಉಳಿದ ಹತ್ತಕ್ಕಿಂತ ಗಟ್ಟಿಯಾಗಿವೆ. ಕಾರ್ಖಾನೆಯಲ್ಲೇ ಹೀಗೆ ಮಾಡಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಇಷ್ಟು ಬೈದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಮುಂದಿನ ಜಾಲರಿ ತೆಗೆದು ತೊಳೆದು ಬಿಸಿಲಿಗಿಡುತ್ತೇನೆ. ಅದು ಆರುವಷ್ಟರಲ್ಲಿ ಒಂದು ಕೈಯಿಂದ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಒಳಗಿನಿಂದ ಹೊರಗೆ ಬ್ಲೋವರ್ ಊದುತ್ತೇನೆ. ಬೂದು ಬಣ್ಣದ ಧೂಳು ಒಂದೇ ಸಲಕ್ಕೆ ಹೊರಬೀಳುತ್ತದೆ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ಸಾಲುಸಾಲಾಗಿ ಈಚೆ ಬರುತ್ತದೆ. ಎಲ್ಲಿ ಸಾಲು ಮಂಕಾಗಿದೆಯೋ ಅಲ್ಲಿ ಹಳೆಯ ಪೇಂಟ್ ಬ್ರಷ್ಷಿನಿಂದ ಫಿನ್ ಬಾಗದಂತೆ ಮೇಲಿನಿಂದ ಕೆಳಗೆ ಎಳೆಯಬೇಕು. ವಾರವಾರ ಇಷ್ಟಾದರೆ ಫ್ಯಾನ್ ಬಿಚ್ಚುವ ಪ್ರಮೇಯವೇ ಅಪರೂಪ. ಬಿಗಿ ಫಿನ್ ಇದ್ದಿದ್ದರೆ ಈ ಸುಖ ಸಿಗುತ್ತಿರಲಿಲ್ಲ.

ಸದ್ದಿನ ವಿಷಯದಲ್ಲಂತೂ ನಾನು ಪೂರ್ತಿ ಶರಣಾಗಿದ್ದೇನೆ. ಹಳೆಯ ಏರ್ ಕೂಲರ್ ಪ್ರೊಸೆಸರ್ ಬಿಸಿಯಾದ ಕ್ಷಣ ಕೂಗುತ್ತಿತ್ತು, ಮರುಕ್ಷಣ ಸುಮ್ಮನಾಗುತ್ತಿತ್ತು. ಈಗ ಫ್ಯಾನುಗಳಿಗೆ ಅಪ್ಪಣೆ ಕೊಡುವುದು ನೀರಿನ ಉಷ್ಣಾಂಶ. ನೀರು ನಿಧಾನವಾಗಿ ಕಾಯುತ್ತದೆ, ಫ್ಯಾನೂ ನಿಧಾನವಾಗಿಯೇ ಏರುತ್ತದೆ. ಇದಕ್ಕೆ ಬೇಕಾದದ್ದು ಜಿ 1/4 ಎಂಬ ಅಳತೆಯ ಥ್ರೆಡ್ಡಿನ, ನೀರಿನ ಉಷ್ಣಾಂಶ ಅಳೆಯುವ ಒಂದು ಸೆನ್ಸರ್ ಮತ್ತು ಅದನ್ನು ಸಿಕ್ಕಿಸಲು ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಜಾಗ. ಆದರೆ ತಣ್ಣನೆಯ ದೇಶದವರು ಹೇಳಿಕೊಡುವ ‘ನೀರು 40 ಆದರೆ ಫ್ಯಾನ್ ಪೂರ್ತಿ’ ಎಂಬ ಲೆಕ್ಕ ಇಲ್ಲಿ ನಡೆಯದು. ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಕೋಣೆಯೇ 37 ಇರುವಾಗ 40ರ ಗಡಿ ಇಟ್ಟರೆ ಫ್ಯಾನುಗಳು ಏಪ್ರಿಲ್‌ನಿಂದ ಜೂನ್‌ವರೆಗೆ ಕಿರುಚುತ್ತಲೇ ಇರುತ್ತವೆ. ನಾನು ಬೇಸಿಗೆಗೊಂದು, ಚಳಿಗಾಲಕ್ಕೊಂದು ಲೆಕ್ಕ ಇಟ್ಟಿದ್ದೇನೆ. ಬೇಸಿಗೆಯಲ್ಲಿ ನೀರು 48 ಮುಟ್ಟಿದರೂ ಚಿಂತಿಸುವುದಿಲ್ಲ. ನೀರು ಸುತ್ತಿಸುವ ನನ್ನ ಡಿ5 ಪಂಪಿನ ಮಿತಿ 60 ಡಿಗ್ರಿ.

ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈಪು ಕಪ್ಪು ಇಪಿಡಿಎಂ ರಬ್ಬರಿನದೇ ಇರಲಿ. ಪಾರದರ್ಶಕ ಪಿವಿಸಿ ಕಾಲಕ್ರಮದಲ್ಲಿ ಮಬ್ಬಾಗಿ, ಅದರ ಕೊಳೆ ಪ್ರೊಸೆಸರ್, ಕಾರ್ಡುಗಳ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಬ್ಲಾಕಿನ ಸಣ್ಣ ಸಂದುಗಳನ್ನು ಕಟ್ಟುತ್ತದೆ. ತಾಮ್ರದ ರೇಡಿಯೇಟರ್ ಇರುವ ಲೂಪಿಗೆ (ನೀರು ಸುತ್ತುವ ದಾರಿಗೆ) ಅಲ್ಯೂಮಿನಿಯಂ ಭಾಗ ಸೇರಿಸಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ನೀರು ಹೋಗಬೇಕಾದದ್ದು ಪ್ರೊಸೆಸರಿಗೆ ಮೊದಲೋ ಕಾರ್ಡಿಗೆ ಮೊದಲೋ ಎಂದು ಜಗಳವಾಡಬೇಡಿ. ನಿಮಿಷಕ್ಕೆ ನಾಲ್ಕು ಲೀಟರ್ ನೀರು ಸುತ್ತುತ್ತಿದ್ದರೆ, ಈ 362 ವ್ಯಾಟ್ ಅಷ್ಟೂ ಸೇರಿ ಒಂದು ಸುತ್ತಿನಲ್ಲಿ ನೀರನ್ನು ಕಾಯಿಸುವುದು ಒಂದೂಕಾಲು ಡಿಗ್ರಿಯಷ್ಟು. ಬೋರ್‌ವೆಲ್ ನೀರನ್ನಂತೂ ಹತ್ತಿರ ಸುಳಿಯಗೊಡಬೇಡಿ. ಡಿಸ್ಟಿಲ್ಡ್ ವಾಟರಿಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ ಬೆರೆಸಿದರೆ ಸಾಕು. ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ. ಜೋಡಿಸುವ ಮೊದಲು ಬಿಸಿ ನೀರು ಹಾಕಿ ಕುಲುಕಿ, ಚೆಲ್ಲುವ ನೀರು ತಿಳಿಯಾಗುವವರೆಗೆ ತೊಳೆದು, ಕೊನೆಯ ಸುತ್ತು ಡಿಸ್ಟಿಲ್ಡ್ ನೀರಿನದೇ ಇರಲಿ.

ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಹೋಗಿದೆ. ಅಷ್ಟಕ್ಕೆ ಕೋಣೆಗೆ ಎಸಿ ಬರುತ್ತಿತ್ತು ಎಂದು ಮನೆಯಲ್ಲಿ ಪ್ರತಿ ಮೇ ತಿಂಗಳು ಕೇಳಿಸಿಕೊಳ್ಳುತ್ತೇನೆ. ಎದುರು ಮಾತಾಡುವುದಿಲ್ಲ, ಏಕೆಂದರೆ ಆಟಕ್ಕಷ್ಟೇ ಕಂಪ್ಯೂಟರ್ ಬಳಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ರಾತ್ರಿಯಿಡೀ ರೆಂಡರ್ ಹಾಕಿ ಅದೇ ಕೋಣೆಯಲ್ಲಿ ಧ್ವನಿ ಮುದ್ರಿಸುವವರ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ಖಂಡೆ ಪೂಜೆಯ ಹಿಂದಿನ ದಿನ ನೀರು ಬದಲಿಸುತ್ತೇನೆ. ಈ ಸಲ ಲೂಪಿನ ತಳದಲ್ಲಿ ಒಂದು ಬಾಲ್ ವಾಲ್ವ್ ಸೇರಿಸುವವನಿದ್ದೇನೆ; ಇಷ್ಟು ದಿನ ಇಡೀ ಕೇಸನ್ನು ಮಗ್ಗುಲಿಗೆ ವಾಲಿಸಿ ಬೋಗುಣಿ ಹಿಡಿಯಲು ತಮ್ಮನನ್ನು ಕರೆಯಬೇಕಾಗುತ್ತಿತ್ತು, ಅವನೀಗ ಬೆಳಗಾವಿಯಲ್ಲಿ ನೌಕರಿಗೆ ಸೇರಿದ್ದಾನೆ.