1098 ಮಕ್ಕಳ ಸಹಾಯವಾಣಿ: ಫೋನ್ ಮಾಡಿ ನೋಡಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್.

ಮಗಳ ಹುಟ್ಟುಹಬ್ಬಕ್ಕೆ ಊಟ ಹಾಕಿಸೋಣ ಅಂತ ಒಂದು ಮಕ್ಕಳ ಆಶ್ರಮಕ್ಕೆ ಹೋಗಿದ್ದೆವು. ಹೆಸರು ಬೇಡ, ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಪಾಯಸ ಬಡಿಸುವಾಗ ಒಬ್ಬ ಚಿಕ್ಕ ಹುಡುಗನ ತಟ್ಟೆಯಿಂದ ಸ್ವಲ್ಪ ನೆಲಕ್ಕೆ ಚೆಲ್ಲಿತು. ಯಾರೂ ಗದರಲಿಲ್ಲ. ಅವನೇ ಎದ್ದು ನಿಂತ, ಎರಡೂ ಕೈ ಮುಂದೆ ಚಾಚಿ ಅಂಗೈ ಕೆಳಗೆ ಮಾಡಿದ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಗೆಣ್ಣುಗಳ ಮೇಲೆಲ್ಲ ಹಳೇ ಬಾಸುಂಡೆ. "ತುಂಬಾ ತುಂಟ ಮೇಡಂ ಇವನು" ಅಂತ ವಾರ್ಡನ್ ನಕ್ಕರು. ತುಂಟ ಅಂತ ಆಶ್ರಮದಲ್ಲಿ ಮಕ್ಕಳಿಗೆ ಹೊಡೆಯೋದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ.

ರಾತ್ರಿ ನಿದ್ದೆ ಹತ್ತಲಿಲ್ಲ. 1098ಕ್ಕೆ ಫೋನ್ ಮಾಡಿದೆ. ಕಾಸು ಖರ್ಚಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು. ಎತ್ತಿದವರು ಕನ್ನಡದಲ್ಲೇ, ಆತುರ ಮಾಡದೆ, ನೀವು ಕಣ್ಣಾರೆ ಕಂಡಿದ್ದೇನು, ಊಹೆ ಮಾಡ್ತಿರೋದೇನು ಅಂತ ಬಿಡಿಸಿ ಬಿಡಿಸಿ ಕೇಳಿ ಬರೆದುಕೊಂಡರು, ನನ್ನ ಹೆಸರು ಆಶ್ರಮದವರಿಗೆ ಗೊತ್ತಾಗಲ್ಲ ಅಂದರು. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯವರು ಹೋಗಿ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಿದ್ದಾರೆ ಅಂತ ಹೇಳಿದರು. ನನಗೆ ಅಳುವೇ ಬಂತು.

ಹಾಗಾದರೆ ಒಂದು ಸ್ಟಾರ್ ಯಾಕೆ ಕಮ್ಮಿ? ಫೋನ್ ಎತ್ತಿದವರ ತಪ್ಪಲ್ಲ ಅದು. ಈ ಸೇವೆ 1996ರಲ್ಲಿ ಮುಂಬೈನಲ್ಲಿ ಶುರುವಾದದ್ದು, ಬೀದಿಯಲ್ಲಿರುವ ಮಗುವೂ "ದಸ್ ನೌ ಆಠ್" ಅಂತ ನೆನಪಿಟ್ಟುಕೊಂಡು ತಾನೇ ಫೋನ್ ಮಾಡಲಿ ಅಂತ. ಕಾಂಪೌಂಡ್ ಒಳಗಿರೋ ಮಗುವಿಗೆ ಫೋನ್ ಎಲ್ಲಿಂದ ಬರಬೇಕು? ಆ ಆಶ್ರಮದಲ್ಲಿ 1098ರ ಪೋಸ್ಟರ್ ಇತ್ತು, ವಾರ್ಡನ್ ಕುರ್ಚಿಯ ಹಿಂದಿನ ಗೋಡೆಗೆ. ನಾನು ಕಂಡ ಒಂದೇ ಫೋನ್ ಅವರ ಮೇಜಿನ ಮೇಲಿತ್ತು.

ಬಿಹಾರದ ಮುಜಫ್ಫರ್‌ಪುರದ ಆಶ್ರಯಧಾಮ ನೆನಪಿದೆ ಅಲ್ವಾ? ಸರ್ಕಾರದ ದುಡ್ಡಲ್ಲೇ ನಡೆಯುತ್ತಿದ್ದ ಜಾಗ. ಅಲ್ಲಿನ ಹೆಣ್ಣುಮಕ್ಕಳ ಮೇಲೆ ನಡೆದ ಅತ್ಯಾಚಾರ 2018ರಲ್ಲಿ ಹೊರಬಂದದ್ದು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಹೋಗಿ ಮಾತಾಡಿಸಿದ್ದರಿಂದ. 2020ರಲ್ಲಿ ದೆಹಲಿ ಕೋರ್ಟು 19 ಜನರನ್ನು ಅಪರಾಧಿಗಳು ಅಂದಿತು. ಹೊರಗಿನವರು ಬರೋವರೆಗೂ ಆ ಮಕ್ಕಳು ಯಾರಿಗೆ ಹೇಳಬೇಕಿತ್ತು?

ಅದಕ್ಕೇ ಈ ನಂಬರ್ ಮಕ್ಕಳಿಗೆ ಅಂತ ಸುಮ್ನೆ ಬಿಡಬೇಡಿ, ನಿಮ್ಮ ಫೋನಲ್ಲಿ ಹಾಕಿಕೊಳ್ಳಿ. ಸಾಕ್ಷಿ ಕೈಯಲ್ಲಿರಬೇಕು ಅಂತೇನಿಲ್ಲ, ಅನುಮಾನ ಬಂದರೂ ಮಾಡಬಹುದು.

ಮುಂದಿನ ತಿಂಗಳು ಮತ್ತೆ ಅಲ್ಲಿಗೆ ಹೋಗುತ್ತಿದ್ದೇವೆ. ಈ ಸಲ ಬಡಿಸಿ ವಾಪಸ್ ಬರಲ್ಲ, ಅದೇ ಸಾಲಿನಲ್ಲಿ ಕೂತು ಉಣ್ಣುತ್ತೇವೆ.