ಡೀ-ಅಡಿಕ್ಷನ್ ಓಪಿಡಿ ರಿವ್ಯೂ: ಮಾತ್ರೆ ಫ್ರೀ, ಹೋಗಿ ತರೋದೇ ಖರ್ಚು

ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಡೀ-ಅಡಿಕ್ಷನ್ ಓಪಿಡಿ ಬಗ್ಗೆ ಬರೀತಿದೀನಿ. ಹೆಸರು ಹಾಕಲ್ಲ, ನನ್ನ ತಮ್ಮ ಈಗಲೂ ಅಲ್ಲೇ ತೋರಿಸ್ತಿದಾನೆ. ಅವನದು ಕುಡಿತ ಅಲ್ಲ, ಟಾಪೆಂಟಾಡಾಲ್ ಅನ್ನೋ ನೋವಿನ ಮಾತ್ರೆ. ಟ್ರಮಡಾಲ್ ಅನ್ನೋ ಇಂಥದ್ದೇ ಇನ್ನೊಂದು ನೋವಿನ ಮಾತ್ರೇನ 2018ರಲ್ಲಿ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಗೆ ಸೇರಿಸಿದ್ರು, ಆಮೇಲೂ ಹುಡುಗರ ಕೈಗೆ ಇನ್ನೊಂದು ಸಿಗ್ತಾನೇ ಇದೆ.

ಮೊದಲು ಒಂದು ಪ್ರೈವೇಟ್ ರಿಹ್ಯಾಬ್‌ಗೆ ಸೇರಿಸಿದ್ವಿ, ತಿಂಗಳ ಫೀಸ್‌ಗೆ ಅಮ್ಮನ ಬಳೆ ಗಿರವಿ ಇಡಬೇಕಾಯ್ತು. ಅಲ್ಲಿ ಬೀಗ ಹಾಕಿ ಕೂರಿಸೋದು, ಬೆಳಿಗ್ಗೆ ಪ್ರಾರ್ಥನೆ, ಮನಸ್ಸು ಗಟ್ಟಿ ಮಾಡ್ಕೋ ಅನ್ನೋ ಉಪದೇಶ, ಅಷ್ಟೇ. ಈ ಥರ ಚಟ ಬಿಡಿಸೋಕೆ ಕೊಡೋ ಬುಪ್ರೆನಾರ್ಫಿನ್ ಮಾತ್ರೆ ಕೊಡ್ತೀರಾ ಅಂತ ಕೇಳಿದ್ರೆ ಅದೂ ಒಂದು ಚಟವೇ ಅಂದ್ರು. ಡಬ್ಲ್ಯೂಎಚ್‌ಒ 2005ರಲ್ಲೇ ಅದನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ ಸ್ವಾಮಿ! ಇವನು ಹೊರಗೆ ಬಂದು ಸ್ವಲ್ಪ ದಿನಕ್ಕೇ ಮತ್ತೆ ಶುರು. ಅಷ್ಟು ದಿನ ಬಿಟ್ಟಿರ್ತಾರಲ್ಲ, ಮೈಗೆ ಆ ಡೋಸ್ ತಡ್ಕೊಳೋ ಶಕ್ತಿ ಹೋಗಿರತ್ತೆ, ಹಳೇ ಅಳತೇಲೇ ತಗೊಂಡ್ರೆ ಉಸಿರೇ ನಿಂತು ಹೋಗಬಹುದು, ಇದನ್ನ ನಮಗೆ ಹೇಳಿದ್ದು ಓಪಿಡಿ ಡಾಕ್ಟ್ರು, ದುಡ್ಡು ಈಸ್ಕೊಂಡೋರು ಯಾರೂ ಬಾಯಿ ಬಿಡಲಿಲ್ಲ.

ಈಗ ಓಪಿಡಿ ವಿಷಯ. ಕ್ಯೂ ಉದ್ದ, ಚೀಟಿ ಮಾಡ್ಸೋಕೆ ಬೆಳಿಗ್ಗೇನೇ ಹೋಗಿ ನಿಲ್ಲಬೇಕು, ಕೂರೋಕೆ ಜಾಗ ಸಾಲಲ್ಲ. ಆದ್ರೆ ಒಳಗೆ ಡಾಕ್ಟ್ರು ಒಂದು ಮಾತೂ ಬೈಯಲ್ಲ. ಮೊದಲ ದಿನ ತಮ್ಮನ್ನ ಸುಮ್ನೆ ಕಾಯಿಸಿದ್ರು, ನಂಗೆ ಸಿಟ್ಟು ಬಂತು, ಆಮೇಲೆ ಗೊತ್ತಾಯ್ತು, ಚಟದ ಮಾತ್ರೆ ಕೊನೇ ಸಲ ತಗೊಂಡು 12 ಗಂಟೆ ಮೇಲಾದ್ರೂ ಆಗಿ, ಆಕಳಿಕೆ, ಮೂಗು ಸೋರೋದು, ರೋಮ ನಿಮಿರೋದು ಕಾಣಿಸ್ಕೊಂಡ ಮೇಲೇ ಬುಪ್ರೆನಾರ್ಫಿನ್ ಕೊಡೋದು, ಅವಸರ ಮಾಡಿದ್ರೆ ವಿತ್‌ಡ್ರಾಯಲ್, ಅಂದ್ರೆ ಚಟ ಬಿಟ್ಟಾಗಿನ ಒದ್ದಾಟ, ಒಂದೇ ಸಲಕ್ಕೆ ಎದ್ದು ಕೂರತ್ತೆ. ನರ್ಸಮ್ಮ 2 ಎಂಜಿ ಮಾತ್ರೆ ನಾಲಿಗೆ ಕೆಳಗೆ ಇಡಿಸಿ, ನುಂಗಬೇಡ, ನೀರು ಕುಡೀಬೇಡ, ಮಾತಾಡಬೇಡ ಅಂತ ಎದುರಿಗೇ ಕೂತ್ರು, ಕರಗಿದೆಯಾ ಅಂತ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದ್ರು. ಕಹಿ ಅಂತ ಮುಖ ಕಿವುಚ್ಕೊಂಡಿದ್ದೋನು ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನ್‌ನಲ್ಲಿ ಎರಡು ಪ್ಲೇಟ್ ಚಿತ್ರಾನ್ನ ತಿಂದ. ಅಮ್ಮ ಅವನು ತಿನ್ನೋದನ್ನೇ ನೋಡ್ತಾ ಕೂತಿದ್ರು.

ಅಲ್ಲಿ ಮಾತ್ರೆಗೆ ಒಂದು ರೂಪಾಯಿನೂ ತಗೊಳ್ಳಲ್ಲ. ಬಿಪಿಎಲ್ ಕಾರ್ಡ್ ತೋರ್ಸಿದ್ರೆ ಲಿವರ್ ಟೆಸ್ಟೂ ಫ್ರೀ ಆಯ್ತು. ಹಂಗಾದ್ರೆ ದುಡ್ಡು ಎಲ್ಲಿ ಹೋಗತ್ತೆ ಅಂದ್ರೆ ದಾರೀಲಿ. ಈ ಮಾತ್ರೆ ಸಾಮಾನ್ಯ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಡೀ-ಅಡಿಕ್ಷನ್ ಸೆಂಟರ್‌ಗಳಿಗೆ ಮಾತ್ರ ಸಪ್ಲೈ. ನಮ್ಮ ಜಿಲ್ಲೇಲಿ ಕೇಳಿದ್ರೆ ಸ್ಟಾಕ್ ಇಲ್ಲ ಅಂದ್ರು. ಅಮ್ಮನಿಗೆ ಶಕ್ತಿ ಯೋಜನೇಲಿ ಬಸ್ ಫ್ರೀ, ತಮ್ಮನಿಗೆ ಟಿಕೆಟ್, ಜೊತೆಗೆ ಅವತ್ತಿನ ಟೈಲ್ಸ್ ಕೆಲಸದ ಕೂಲಿ ಖೋತಾ. ಒಂದ್ಸಲಕ್ಕೆ ಕೆಲವೇ ದಿನದ್ದು ಕೊಡ್ತಾರೆ, ಕೈ ಬದಲಾಗಿ ಮಾರಾಟ ಆಗಬಾರದು ಅಂತ, ಅದು ಸರಿನೇ, ಆದ್ರೆ ಖಾಲಿ ಸ್ಟ್ರಿಪ್ ವಾಪಸ್ ತಂದು ತಪ್ಪದೇ ಬರೋರಿಗೂ ಅದೇ ರೂಲ್ಸ್ ಅಂದ್ರೆ ಮೇಸ್ತ್ರಿ ಎಷ್ಟು ಸಲ ರಜಾ ಕೊಡ್ತಾನೆ ಹೇಳಿ? ನಾಲ್ಕು ಸ್ಟಾರ್ ಕೊಟ್ಟು ಒಂದು ಹಿಡ್ಕೊಂಡಿರೋದು ಇದಕ್ಕೇ.

ಪೊಲೀಸ್ ಕೇಸ್ ಆಗತ್ತೆ ಅಂತ ಹೆದರ್ಕೊಂಡು ಮನೇಲಿರೋರಿಗೆ ಒಂದು ಮಾತು, ನಮ್ಮನ್ನ ಅಲ್ಲಿ ಯಾರೂ ಆ ಥರ ಪ್ರಶ್ನೆ ಮಾಡಲಿಲ್ಲ. ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿಬಿದ್ದಿದ್ರೂ ತಾವಾಗೇ ಚಿಕಿತ್ಸೆಗೆ ಬರೋರಿಗೆ ಎನ್‌ಡಿಪಿಎಸ್‌ನಲ್ಲೇ 64ಎ ಅನ್ನೋ ಸೆಕ್ಷನ್‌ನಲ್ಲಿ ರಕ್ಷಣೆ ಇದೆ.

ಎಷ್ಟು ವರ್ಷ ತಗೋಬೇಕು ಅಂತ ನೆಂಟರು ಕೇಳ್ತಾನೇ ಇರ್ತಾರೆ. ಶುಗರ್ ಮಾತ್ರೆ ನುಂಗೋ ದೊಡ್ಡಪ್ಪನ್ನ ಯಾರೂ ಹಂಗೆ ಕೇಳಲ್ಲ. ಡಾಕ್ಟ್ರು ಹೇಳೋವರೆಗೂ ನಿಲ್ಲಿಸಲ್ಲ ಅಂತ ನಾವು ಮನೇಲಿ ತೀರ್ಮಾನ ಮಾಡಿದೀವಿ. ಮಲಬದ್ಧತೆ ಇದೆ, ಬೆವರ್ತಾನೆ, ಆದ್ರೂ ದಿನಾ ಕೆಲಸಕ್ಕೆ ಹೋಗ್ತಿದಾನೆ.

ಹೋಗೋರು ಆಧಾರ್, ಬಿಪಿಎಲ್ ಕಾರ್ಡ್, ಹಳೇ ಚೀಟಿ ಎಲ್ಲಾ ಇಟ್ಕೊಳಿ. ಯಾವುದೇ ಸೆಂಟರ್‌ಗೆ ದುಡ್ಡು ಕಟ್ಟೋ ಮುಂಚೆ ಬುಪ್ರೆನಾರ್ಫಿನ್ ಇದೆಯಾ, ಒಂದ್ಸಲಕ್ಕೆ ಎಷ್ಟು ದಿನದ್ದು ಕೊಡ್ತೀರಾ ಅಂತ ಫೋನಲ್ಲೇ ಕೇಳಿ. ನಿಮ್ಹಾನ್ಸ್‌ನಲ್ಲಿ ಅಡಿಕ್ಷನ್‌ಗೇ ಅಂತ ಬೇರೆ ಸೆಂಟರ್ ಇದೆ. ಎಲ್ಲಿ ಹೋಗಬೇಕು ಗೊತ್ತಾಗದಿದ್ರೆ 14446 ಸರ್ಕಾರದ ಹೆಲ್ಪ್‌ಲೈನ್, ಮಾನಸಿಕ ಆರೋಗ್ಯದ ಹೆಲ್ಪ್‌ಲೈನ್ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ತಾರೆ.