ಟ್ರಾವೆಲ್ ಕ್ರೆಡಿಟ್ ಕಾರ್ಡಿನ ಪಾಯಿಂಟ್: ಲೆಕ್ಕ ಹಾಕದೆ ಸಹಿ ಹಾಕಬೇಡಿ

ಬೆಳಗಾವಿಯ ಮಾಲ್‌ಗಳಲ್ಲಿ, ಪೆಟ್ರೋಲ್ ಪಂಪ್‌ಗಳ ಬಳಿ, ಕೆಲವೊಮ್ಮೆ ಕಚೇರಿಯ ಒಳಗೇ ಮೇಜು ಹಾಕಿಕೊಂಡು ಟ್ರಾವೆಲ್ ಕ್ರೆಡಿಟ್ ಕಾರ್ಡ್ (ಖರ್ಚು ಮಾಡಿದಂತೆಲ್ಲ ಸಿಗುವ ಪಾಯಿಂಟ್‌ಗಳನ್ನು ಪ್ರಯಾಣದ ಟಿಕೆಟ್‌ಗೆ ಬಳಸಬಹುದಾದ ಕಾರ್ಡ್) ಮಾಡಿಸಿಕೊಡುವವರು ಈಚೆಗೆ ಹೆಚ್ಚಾಗಿದ್ದಾರೆ. ಅಂಥದೊಂದು ಕಾರ್ಡಿನಿಂದ ನನಗಾದ ನಷ್ಟವನ್ನು ಅಂಕಿಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಇಂಥ ಷರತ್ತುಗಳು ಒಂದೇ ಬ್ಯಾಂಕಿಗೆ ಸೀಮಿತವಾಗಿಲ್ಲದ ಕಾರಣ ಹೆಸರಿಗಿಂತ ಲೆಕ್ಕವೇ ಮುಖ್ಯ.

"ಒಂದ್ ಪಾಯಿಂಟ್ ಅಂದ್ರ ಒಂದ್ ರೂಪಾಯಿ ಇದ್ದಂಗ್ರಿ ಸರ್, ದಿಲ್ಲಿಗೆ ಫ್ರೀ ಹೋಗಿ ಬರ್ತೀರಿ" ಎಂದು ಕಾರ್ಡ್ ಮಾಡಿಸಿದ ಪ್ರತಿನಿಧಿ ಹೇಳಿದ್ದರು. ವಾರ್ಷಿಕ ಶುಲ್ಕ 2,500 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ 2,950. ಪ್ರತಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್. ಮಗಳ ಮದುವೆಯ ಜವಳಿಯಿಂದ ಹಿಡಿದು ಮನೆಯ ಕಿರಾಣಿಯವರೆಗೆ ಎಲ್ಲವನ್ನೂ ಅದೇ ಕಾರ್ಡಿನಲ್ಲಿ ಪಾವತಿಸಿ 20,000 ಪಾಯಿಂಟ್ ಕೂಡಿದ ಮೇಲೆ, ನಮ್ಮೂರಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ದಿಲ್ಲಿಗೆ ಟಿಕೆಟ್ ಕಾಯ್ದಿರಿಸಲೆಂದು ಬ್ಯಾಂಕಿನ ಪ್ರವಾಸ ಜಾಲತಾಣವನ್ನು ತೆರೆದೆ.

ಅಲ್ಲಿ ಒಂದು ಪಾಯಿಂಟಿನ ಬೆಲೆ 25 ಪೈಸೆ ಎಂದಿತ್ತು. ಸಾಲದ್ದಕ್ಕೆ, ಟಿಕೆಟ್ ದರದ ಅರ್ಧದಷ್ಟನ್ನು ಮಾತ್ರ ಪಾಯಿಂಟ್‌ನಲ್ಲಿ ಕಟ್ಟಬಹುದು, ಉಳಿದರ್ಧವನ್ನು ಹಣದಲ್ಲೇ ಕೊಡಬೇಕು ಎಂಬ ಷರತ್ತು. ಟಿಕೆಟ್ ದರ 6,850 ರೂಪಾಯಿ. ಹಾಗಾಗಿ 13,700 ಪಾಯಿಂಟ್ ಹೋಗಿ, 3,425 ರೂಪಾಯಿ ಬಾಕಿ ಉಳಿಯಿತು. ಅದಕ್ಕೆ 400 ರೂಪಾಯಿ ಕನ್ವೀನಿಯನ್ಸ್ ಶುಲ್ಕ ಸೇರಿತು. ಪಾಯಿಂಟ್ ಬಳಸಿದ್ದಕ್ಕೇ 99 ರೂಪಾಯಿ ಮತ್ತು ಜಿಎಸ್‌ಟಿ, ಅಂದರೆ ಸುಮಾರು 117 ರೂಪಾಯಿ, ಮುಂದಿನ ತಿಂಗಳ ಬಿಲ್ಲಿನಲ್ಲಿ ಬಂತು. ಒಟ್ಟು ಕೈಯಿಂದ ಹೋದದ್ದು 3,942. ಅದೇ ದಿನದ ಅದೇ ವಿಮಾನಕ್ಕೆ ವಿಮಾನಯಾನ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಎಲ್ಲ ಸೇರಿ ಇದ್ದ ದರ 6,200 ರೂಪಾಯಿ.

ಉಳಿದದ್ದು 2,258 ರೂಪಾಯಿ. ಅದನ್ನು 13,700ರಿಂದ ಭಾಗಿಸಿದರೆ ಪಾಯಿಂಟಿಗೆ ಹದಿನಾರೂವರೆ ಪೈಸೆ ಬೀಳುತ್ತದೆ. ಅಷ್ಟು ಪಾಯಿಂಟ್ ಗಳಿಸಲು ಐದು ಲಕ್ಷಕ್ಕೂ ಮಿಕ್ಕಿ ಖರ್ಚು ಮಾಡಬೇಕು. ಅಂದರೆ ನನಗೆ ಮರಳಿದ್ದು ನೂರು ರೂಪಾಯಿಗೆ ಐವತ್ತು ಪೈಸೆಯೂ ಅಲ್ಲ, ಮತ್ತು ಆ ಉಳಿತಾಯ ಕಾರ್ಡಿನ ಒಂದು ವರ್ಷದ ಶುಲ್ಕಕ್ಕೂ ಸಾಲಲಿಲ್ಲ. (ಟಿಕೆಟ್ ಒಂದೇ ಕಡೆಯದು. ಬರುವಾಗ ರೈಲು.)

ಪಾಯಿಂಟಿನ ನಿಜ ಬೆಲೆ ತಿಳಿಯಲು ಇರುವ ಕ್ರಮ ಇಷ್ಟೇ: ಕಂಪನಿಯ ಸ್ವಂತ ದರದಿಂದ, ಪಾಯಿಂಟ್ ಬಳಸಿದರೂ ನೀವು ಕೊಡಬೇಕಾದ ಅಷ್ಟೂ ಹಣವನ್ನು ಕಳೆದು, ಉಳಿದುದನ್ನು ಬಳಸಿದ ಪಾಯಿಂಟ್‌ಗಳಿಂದ ಭಾಗಿಸಬೇಕು. ಬ್ಯಾಂಕಿನ ಜಾಲತಾಣದಲ್ಲಿ ತೋರಿಸುವ ದರವನ್ನು ಈ ಲೆಕ್ಕಕ್ಕೆ ಹಿಡಿಯಲೇಬಾರದು.

ಪಾಯಿಂಟ್‌ಗಳನ್ನು ವಿಮಾನಯಾನ ಕಂಪನಿಯ ಮೈಲುಗಳಾಗಿ (ಟಿಕೆಟ್ ಪಡೆಯಲು ಬಳಸುವ ಆ ಕಂಪನಿಯದೇ ಪಾಯಿಂಟ್‌ಗಳಾಗಿ) ಬದಲಿಸಿಕೊಂಡರೆ ಹೆಚ್ಚು ಬೆಲೆ ಸಿಗುತ್ತದೆ ಎಂಬ ಮಾತು ಎಷ್ಟೋ ಸಂದರ್ಭಗಳಲ್ಲಿ ನಿಜ. ಆದರೆ ಒಮ್ಮೆ ಬದಲಿಸಿದ ಪಾಯಿಂಟ್ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ, ಮತ್ತು ನಮಗೆ ಬೇಕಾದ ದಿನ ಮೈಲುಗಳಿಗೆ ಸೀಟು ಸಿಗುತ್ತದೆಂಬ ಖಾತರಿಯೂ ಇಲ್ಲ. ನಮ್ಮ ಊರಿನವರಿಗೆ ಇನ್ನೊಂದು ತೊಡಕಿದೆ. ಸಾಂಬ್ರಾಕ್ಕೆ ಬಾರದ ಕಂಪನಿಯ ಮೈಲು ಕೂಡಿಟ್ಟರೆ ಗೋವಾಕ್ಕೋ ಪುಣೆಗೋ ಹೋಗಿ ವಿಮಾನ ಹತ್ತಬೇಕಾಗುತ್ತದೆ, ಆಗ ಟ್ಯಾಕ್ಸಿ ಬಾಡಿಗೆಯನ್ನೂ ಉಳಿತಾಯದಿಂದ ಕಳೆಯಬೇಕು. ಕಂಪನಿಗಳೂ ಶಾಶ್ವತವಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು.

ಬಾಕಿಯನ್ನು ಪೂರ್ತಿ ತೀರಿಸದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವವರಿಗಂತೂ ಈ ಕಾರ್ಡ್ ಬೇಡವೇ ಬೇಡ. ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿಯ ಮುಂದೆ ಯಾವ ಪಾಯಿಂಟೂ ನಿಲ್ಲುವುದಿಲ್ಲ. ಇಂಧನ, ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು ಮುಂತಾದವಕ್ಕೆ ಅನೇಕ ಕಾರ್ಡ್‌ಗಳಲ್ಲಿ ಪಾಯಿಂಟೇ ಇರುವುದಿಲ್ಲ. ಆ ಪಟ್ಟಿ ಇರುವುದು ಜಾಹೀರಾತಿನ ಚೀಟಿಯಲ್ಲಲ್ಲ, ಷರತ್ತುಗಳ ಪುಟದಲ್ಲಿ.

ನಾನು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಾಗ, ಪ್ರತಿನಿಧಿಯ ಬಾಯಿಮಾತಿಗೆ ತಾವು ಹೊಣೆಯಲ್ಲ ಎಂಬ ಉತ್ತರ ಬಂತು. ಆದ್ದರಿಂದ ಪ್ರತಿನಿಧಿ ಹೇಳುವ ಪಾಯಿಂಟಿನ ಬೆಲೆಯನ್ನು ಬ್ಯಾಂಕಿನ ಅಧಿಕೃತ ಇಮೇಲ್‌ನಲ್ಲೇ ತರಿಸಿಕೊಳ್ಳಿ. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು. ಕಾರ್ಡ್ ಬೇಡವೆಂದು ನಿರ್ಧರಿಸಿದವರು ಬಾಕಿಯನ್ನೆಲ್ಲ ತೀರಿಸಿ ಅರ್ಜಿ ಕೊಟ್ಟರೆ ಬ್ಯಾಂಕು 7 ಕೆಲಸದ ದಿನಗಳಲ್ಲಿ ಅದನ್ನು ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮುಚ್ಚುವ ಮುನ್ನ ಉಳಿದ ಪಾಯಿಂಟ್‌ಗಳನ್ನು ಬಿಲ್ಲಿಗೆ ಜಮಾ ಮಾಡಿಸಿಕೊಳ್ಳಿ. ನನಗೆ ಪಾಯಿಂಟಿಗೆ 20 ಪೈಸೆಯಂತೆ ಸಿಕ್ಕಿತು, ಅದರಲ್ಲೂ ಆ 117 ರೂಪಾಯಿ ಕಡಿತವಾಯಿತು.